ಪೇಟೆ ಶಾಲೆಯ ಮೂಲೆ ಕೋಣೆ

ಕಡೂರಿನ ಪೇಟೆ ಶಾಲೆಗೆ ನನ್ನನ್ನು ಮುಖ್ಯ ಶಿಕ್ಷಕಿಯಾಗಿ ಹಾಕಿದ್ದಾರೆ ಅಂತ ಗೊತ್ತಾದ ದಿನ ಅಜ್ಜಂಪುರದ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಸಿಹಿ ಕೇಳಲಿಲ್ಲ. ಡ್ರಿಲ್ ಮೇಷ್ಟ್ರು ಮಾತ್ರ, "ಅಯ್ಯೋ ಸುಶೀಲಮ್ಮ, ಅಲ್ಲಿ ಮಕ್ಳಿಗಿಂತ ಕೊಬ್ಬರಿ ಮೂಟೆ ಜಾಸ್ತಿ ಅಂತೆ ಕಣ್ರೀ" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಹೋಗಿ ನೋಡಿದರೆ ನಿಜವೇ ಆಗಿತ್ತು.

ಈಗ ನಾನು ನಿವೃತ್ತಳು. ಮೊನ್ನೆ ಹೊಸದಾಗಿ ನೇಮಕವಾದ ಮೂವರು ಹೆಣ್ಣುಮಕ್ಕಳು ಮನೆಗೆ ಬಂದಿದ್ದರು. ಮೂವರಿಗೂ ಪಟ್ಟಣದ ನಡುಮಧ್ಯದ ಸರ್ಕಾರಿ ಶಾಲೆಗಳೇ ಸಿಕ್ಕಿವೆ. ಮೂವರ ಮುಖವೂ ಬಾಡಿತ್ತು. "ಹಳ್ಳಿ ಆಗಿದ್ರೂ ಪರವಾಗಿರಲಿಲ್ಲ ಮೇಡಂ" ಅಂದಳು ಒಬ್ಬಳು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಶಾಲು ಹೊದಿಸಿದ್ದು ಯಾರು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ನಿಮ್ಮ ಕೆಲಸಕ್ಕೆ ಅದರಿಂದ ಏನೂ ಉಪಯೋಗವಿಲ್ಲ.

ಆ ಹುಡುಗಿ ಹೇಳಿದ್ದರಲ್ಲಿ ಸತ್ಯವಿದೆ. ನನ್ನ ಮೊದಲ ಶಾಲೆ ಅಂತರಘಟ್ಟೆ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿತ್ತು. ಅಲ್ಲಿನ ಹೆಡ್‌ಮೇಷ್ಟ್ರು ಮೊದಲ ದಿನ ನನ್ನ ಕೈಗೆ ಸೀಮೆಸುಣ್ಣವನ್ನೇ ಕೊಡಲಿಲ್ಲ. "ಇವತ್ತು ಪಾಠ ಬೇಡಮ್ಮ. ಹಾಜರಿ ಪುಸ್ತಕ ತಗೊಂಡು ಊರು ಸುತ್ತಿ ಬಾ. ಯಾವ ಮಗು ಯಾವ ಬಾಗಿಲಿಂದ ಬರುತ್ತೆ ಅಂತ ನೋಡ್ಕೊಂಡು ಬಾ" ಅಂದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮನೆಯಲ್ಲಿ ಮಜ್ಜಿಗೆ ಕುಡಿದು, ಇಡೀ ಊರಿನ ನೆಂಟಸ್ತಿಕೆ ತಿಳಿದುಕೊಂಡು ವಾಪಸ್ಸಾದೆ. ಆ ಊರಿನಲ್ಲಿ ಶಾಲೆಯ ಒಂದು ಹೆಂಚು ಒಡೆದರೆ ಸಂಜೆಯೊಳಗೆ ಯಾರಾದರೂ ಏಣಿ ಹಾಕಿ ಹತ್ತುತ್ತಿದ್ದರು. ಶಾಲೆ ಅವರದಾಗಿತ್ತು.

ಪೇಟೆಯಲ್ಲಿ ಹಾಗಲ್ಲ. ಕೈಲಾದವರು ಮಕ್ಕಳನ್ನು ಹಳದಿ ಬಸ್ಸಿನ ಶಾಲೆಗಳಿಗೆ ಕಳಿಸುತ್ತಾರೆ. ಕೈಲಾಗದವರಿಗೆ ಶಾಲೆಯ ಕಡೆ ತಿರುಗಿ ನೋಡಲು ಪುರುಸೊತ್ತಿಲ್ಲ. ಸುತ್ತ ಇಷ್ಟು ಜನ ಓಡಾಡುತ್ತಾರೆ, ಆದರೆ ಶಾಲೆ ಯಾರದೂ ಅಲ್ಲ. ಊರಿಗೇ ಮೊದಲು ಕಟ್ಟಿದ ಕಲ್ಲಿನ ಕಟ್ಟಡ ನಮ್ಮದು. ಮುಂದೆ ಮಂಡಿ ಸಾಲು, ಪಕ್ಕದಲ್ಲಿ ತರಕಾರಿ ಮಾರ್ಕೆಟ್ಟು, ಹಿಂದೆ ಮಸೀದಿ ಬೀದಿ. ನಾನು ಹೋದ ಮೊದಲ ದಿನ ಗೇಟಿಗೆ ಅಡ್ಡವಾಗಿ ಲಾರಿ ನಿಂತಿತ್ತು. ಮಕ್ಕಳು ಅದರ ಕೆಳಗೆ ತೂರಿಕೊಂಡು ಒಳಗೆ ಬರುತ್ತಿದ್ದರು. ಜಗಲಿಯ ತುಂಬ ಕೊಬ್ಬರಿ ಮೂಟೆ.

ಮೂಟೆಗಳು ಎದುರು ಮಂಡಿಯ ಚನ್ನಬಸಪ್ಪನವರದು. ಅರವತ್ತು ದಾಟಿದ ಮನುಷ್ಯ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ತೆಗೆಸಿ ಅಂತ ಕೇಳಿದ್ದಕ್ಕೆ ನಗುತ್ತಲೇ, "ಮೋಡ ಆಗೈತೆ ಮೇಡಂ. ನೆಂದ್ರೆ ಬೂಷ್ಟು ಹಿಡೀತವೆ. ಎರಡು ದಿನ ಅಷ್ಟೆ. ಹಿಂದಿನ ಮೇಷ್ಟ್ರು ಏನೂ ಅಂತಿರ್ಲಿಲ್ಲ" ಅಂದರು. ಎರಡು ದಿನ ಎರಡು ವಾರವಾಯಿತು. ದೂರು ಬರೆಯಬಹುದಿತ್ತು. ಬರೆದರೆ ಅದು ಎಷ್ಟು ಮೇಜು ಸುತ್ತಿ ಬರುತ್ತದೆ ಅಂತ ನನಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಐದನೇ ತರಗತಿಯನ್ನು ಜಗಲಿಗೇ ತಂದು ಕೂರಿಸಿದೆ. "ಇವತ್ತಿನ ಲೆಕ್ಕ ಈ ಮೂಟೆಗಳದು. ಅಡ್ಡ ಸಾಲು ಎಷ್ಟು, ಉದ್ದ ಸಾಲು ಎಷ್ಟು, ಒಂದು ಮೂಟೇಲಿ ಕೊಬ್ಬರಿ ಎಷ್ಟು? ಗೊತ್ತಿಲ್ದೆ ಇದ್ರೆ ಯಜಮಾನ್ರನ್ನೇ ಕೇಳಿ" ಅಂದೆ.

ಕೇಳಿದರು. ಒಬ್ಬರ ಮೇಲೊಬ್ಬರು ಹೋಗಿ ಕೇಳಿದರು. ತಾತ, ಒಂದು ಮರ ಎಷ್ಟು ಕಾಯಿ ಬಿಡುತ್ತೆ? ತಾತ, ಕಾಯಿ ಕೊಬ್ಬರಿ ಆಗಕ್ಕೆ ಎಷ್ಟು ತಿಂಗಳು ಬೇಕು? ತಾತ, ಒಳಗಡೆ ನೀರು ಎಲ್ಲಿಗೆ ಹೋಗುತ್ತೆ? ಮೊದಲ ದಿನ ಚನ್ನಬಸಪ್ಪನವರು ಸಂತೋಷದಿಂದಲೇ ಹೇಳಿದರು. ಎರಡನೇ ದಿನ ಗಿರಾಕಿಗಳನ್ನು ಬಿಟ್ಟು ಹೇಳಬೇಕಾಯಿತು. ನಾಲ್ಕನೇ ದಿನ ನಾನು ಬರುವಷ್ಟರಲ್ಲಿ ಜಗಲಿ ಖಾಲಿಯಾಗಿತ್ತು, ಗುಡಿಸಿಯೂ ಇತ್ತು.

"ನಿಮ್ ಮಕ್ಳು ಪೊಲೀಸ್ನೋರಿಗಿಂತ ಕಡೆ ಕಣ್ ತಾಯಿ" ಅಂದರು. ಹೋಗುವಾಗ ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. "ನಾನೂ ಇಲ್ಲೇ ಓದಿದ್ದು. ನಾಕ್ನೇ ಕ್ಲಾಸು. ಆಮೇಲೆ ಅಪ್ಪ ಮಂಡೀಲಿ ಕೂರ್ಸಿಬಿಟ್ಟ." ಅವತ್ತು ಆ ಮಾತಿಗೆ ನಾನು ಹೆಚ್ಚು ಗಮನ ಕೊಡಲಿಲ್ಲ.

ಹೀಗೆ ಜಾಣತನ ತೋರಿಸಿದ ನಾನೇ ಅದೇ ವರ್ಷ ದೊಡ್ಡ ತಪ್ಪು ಮಾಡಿದೆ. ಹೊಸಬರು ಇದನ್ನು ಮುಖ್ಯವಾಗಿ ಓದಬೇಕು.

ಆರನೇ ತರಗತಿಗೆ ನಸ್ರೀನ್ ಅಂತ ಒಂದು ಹುಡುಗಿ ಸೇರಿದಳು. ಮಸೀದಿ ಬೀದಿಯ ತುದಿಯಲ್ಲಿ ಪಂಪ್‌ಸೆಟ್ಟಿನ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಇದೆ. ಅದರ ರೆಹಮಾನ್ ಸಾಬರ ಮಗಳು. ಐದರವರೆಗೆ ಉರ್ದು ಶಾಲೆ, ಅಲ್ಲಿಂದ ನಮ್ಮಲ್ಲಿಗೆ. ಗಣಿತ, ವಿಜ್ಞಾನ ನನ್ನವೇ. ಈ ಹುಡುಗಿ ಕೊನೆಯ ಸಾಲಿನಲ್ಲಿ ಕೂತವಳು ಬಾಯಿಯೇ ಬಿಡುತ್ತಿರಲಿಲ್ಲ. "ಹನ್ನೆರಡನ್ನ ಹದಿನೈದರಿಂದ ಗುಣಿಸು" ಅಂದರೆ ನನ್ನ ಮುಖವನ್ನೇ ನೋಡುವಳು. ಇನ್ನೊಂದು ಸಲ ಅಂದರೆ ಕಣ್ಣಲ್ಲಿ ನೀರು. ಎರಡು ಪರೀಕ್ಷೆಯಾದ ಮೇಲೆ ಅವಳ ಪ್ರಗತಿ ಪತ್ರದಲ್ಲಿ ನನ್ನ ಕೈಯಾರೆ ಬರೆದೆ: ‘ಗ್ರಹಣ ಶಕ್ತಿ ಕಡಿಮೆ. ಕಲಿಕೆಯಲ್ಲಿ ತೀರಾ ಹಿಂದುಳಿದಿದ್ದಾಳೆ.’

ರೆಹಮಾನ್ ಸಾಬರು ಸಹಿ ಹಾಕಲು ಬಂದರು. ಗ್ರೀಸ್ ಮೆತ್ತಿದ ಕೈ ಕಾರ್ಡಿಗೆ ತಾಗದ ಹಾಗೆ ಬೆರಳ ತುದಿಯಲ್ಲಿ ಹಿಡಿದುಕೊಂಡರು. "ನಂಗೆ ಕನ್ನಡ ಓದಕ್ಕೆ ಬರಲ್ಲ ಮೇಡಂ. ಏನ್ ಬರ್ದೀರಿ?"

ಹೇಳಿದೆ. ಅವರು ಕಾರ್ಡನ್ನು ಜೇಬಿಗಿಟ್ಟುಕೊಂಡು, "ನೀವೇ ಹೇಳಿದ್ಮೇಲೆ ಆಯ್ತು ಬಿಡಿ" ಅಂದು ಹೋದರು. ಮಾರನೇ ವಾರದಿಂದ ನಸ್ರೀನ್ ಬರಲಿಲ್ಲ. ಜ್ವರವೋ ಮದುವೆಯೋ ಇರಬೇಕು ಅಂದುಕೊಂಡೆ. ಅಂತರಘಟ್ಟೆ ಕಡೆಯ ಆ ಹೆಡ್‌ಮೇಷ್ಟ್ರು ಕಲಿಸಿದ್ದು ನನಗೆ ಪೇಟೆಯಲ್ಲಿ ಮರೆತೇ ಹೋಗಿತ್ತು. ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದ ಆ ಮನೆಗೆ ನಾನು ಹೋಗಲಿಲ್ಲ.

ಒಂದೂವರೆ ತಿಂಗಳ ಮೇಲೆ ಶಾಲೆಯ ಬೋರ್‌ವೆಲ್ ಮೋಟರು ಸುಟ್ಟುಹೋಯಿತು. ಬಿಸಿಯೂಟಕ್ಕೆ ನೀರಿಲ್ಲ. ಮೋಟರನ್ನು ಆಟೋದಲ್ಲಿ ಹಾಕಿಕೊಂಡು ನಾನೇ ರೆಹಮಾನ್ ಸಾಬರ ಅಂಗಡಿಗೆ ಹೋದೆ. ಅವರು ಮೋಟರು ಬಿಚ್ಚುತ್ತಿದ್ದಂತೆ ಒಳಗಿನ ಪರದೆ ಸರಿಸಿ ನಸ್ರೀನ್ ಬಂದಳು. ನನ್ನನ್ನು ನೋಡಲಿಲ್ಲ. ಸುಟ್ಟ ತಂತಿಯ ತುಣುಕನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಅಬ್ಬಾ, ಯೇ ತಾರ್ ನಕ್ಕೊ. ಮೋಟಾ ಹೈ" ಅಂದಳು. ಅಂದರೆ, ಅಪ್ಪಾ, ಈ ತಂತಿ ಬೇಡ, ಇದು ದಪ್ಪ. ಹಿಂದೆ ಯಾರೋ ತಪ್ಪು ಅಳತೆಯ ತಂತಿ ಸುತ್ತಿದ್ದರು, ಅದಕ್ಕೇ ಸುತ್ತು ಕಡಿಮೆ ಹಿಡಿಸಿದೆ, ಅದಕ್ಕೇ ಸುಟ್ಟಿದೆ. ಇಷ್ಟನ್ನೂ ಅವಳು ಅಪ್ಪನಿಗೆ ಪಟಪಟನೆ ವಿವರಿಸಿದಳು. ಆಮೇಲೆ ಒಂದು ನೋಟ್‌ಬುಕ್ ತೆರೆದಳು. ಪುಟಕ್ಕೊಂದು ಮೋಟರು. ಒಂದೊಂದಕ್ಕೂ ಒಂದು ವೃತ್ತ, ಕೈಯಲ್ಲೇ ಎಳೆದದ್ದು, ಇಪ್ಪತ್ನಾಲ್ಕು ಸಮ ಭಾಗ. ಒಂದೊಂದು ಭಾಗದಲ್ಲಿ ಎಷ್ಟು ಸುತ್ತು, ಒಟ್ಟು ಎಷ್ಟು, ಎಲ್ಲ ಬರೆದಿತ್ತು. ಗುಣಾಕಾರವನ್ನು ಬಾಯಲ್ಲೇ ಮಾಡುತ್ತಿದ್ದಳು.

"ಇದನ್ನ ಯಾರು ಹೇಳ್ಕೊಟ್ರು ನಿಂಗೆ?" ಅಂತ ಕೇಳಿದೆ.

ಆಗ ನನ್ನನ್ನು ನೋಡಿದಳು. ಮುಖದ ಬೆಳಕೆಲ್ಲ ಆರಿಹೋಯಿತು. ತಲೆ ತಗ್ಗಿಸಿ ಪಿಸುಗುಟ್ಟಿದಳು: "ಜರ್ಬ್ ಅಂದ್ರೆ ನಂಗೆ ಗೊತ್ತು ಮಿಸ್. ಗುಣಿಸು ಅಂದ್ರೆ ಗೊತ್ತಿರ್ಲಿಲ್ಲ."

ಉರ್ದು ಶಾಲೆಯಲ್ಲಿ ಗುಣಾಕಾರಕ್ಕೆ ಜರ್ಬ್ ಅನ್ನುತ್ತಾರೆ. ಕೂಡುವುದಕ್ಕೆ ಜಮಾ, ಕಳೆಯುವುದಕ್ಕೆ ತಫ್ರೀಕ್, ಭಾಗಿಸುವುದಕ್ಕೆ ತಕ್ಸೀಮ್. ನಾಲ್ಕೇ ನಾಲ್ಕು ಮಾತು. ಅಷ್ಟು ನನಗೆ ಗೊತ್ತಿದ್ದರೆ ಸಾಕಿತ್ತು. ನಾನು ಕೇಳುತ್ತಿದ್ದದ್ದು ಅವಳಿಗೆ ಅರ್ಥವಾಗಿರಲಿಲ್ಲ, ಅದನ್ನೇ ಬುದ್ಧಿ ಇಲ್ಲ ಅಂತ ಬರೆದುಕೊಟ್ಟಿದ್ದೆ.

"ತಪ್ಪು ನನ್ದು ಸಾಬ್ರೇ. ನಾಳೆಯಿಂದ ಕಳಿಸಿ" ಅಂದೆ.

ರೆಹಮಾನ್ ಸಾಬರು ಡ್ರಾಯರ್ ಎಳೆದು ಆ ಪ್ರಗತಿ ಪತ್ರವನ್ನು ತೆಗೆದರು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. "ಇದು ಸರ್ಕಾರಿ ಕಾಗ್ದ ಮೇಡಂ. ನೀವು ಬಾಯಲ್ಲಿ ತಪ್ಪು ಅಂದ್ರೆ ಹೆಂಗೆ? ಇದು ಹಂಗೇ ಇರ್ತದಲ್ಲ" ಅಂದರು. ಕೋಪದಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದರು.

ಅಲ್ಲೇ ಅಂಗಡಿಯ ಮೇಜಿನ ಮೇಲೆ ಹಳೇ ಸಾಲುಗಳನ್ನು ಹೊಡೆದು ಹಾಕಿದೆ. ‘ಮೇಲಿನ ಅಭಿಪ್ರಾಯ ತಪ್ಪು. ಈ ವಿದ್ಯಾರ್ಥಿನಿ ಗಣಿತದಲ್ಲಿ ಅಸಾಧಾರಣ. ತಿಳಿಯದೆ ಹೋದದ್ದು ಶಿಕ್ಷಕಿಗೆ’ ಅಂತ ಬರೆದು ಸಹಿ ಹಾಕಿ ಓದಿ ಹೇಳಿದೆ. ಮಾರನೇ ದಿನ ನಸ್ರೀನ್ ಆ ಕಾರ್ಡು ಹಿಡಿದುಕೊಂಡು ಶಾಲೆಗೆ ಬಂದಳು. ಅವಳನ್ನು ಮೊದಲ ಸಾಲಿಗೆ ಕರೆದೆ. ಬರಲಿಲ್ಲ, ತನ್ನ ಹಳೇ ಜಾಗದಲ್ಲೇ ಕೂತಳು. ನನ್ನ ಮೇಲೆ ನಂಬಿಕೆ ಬರಲು ಅವಳಿಗೆ ಮೂರು ತಿಂಗಳು ಹಿಡಿಯಿತು. ಅಷ್ಟು ಕಾಯಬೇಕಾದ್ದು ನ್ಯಾಯವೇ ಅಂತ ನಾನೂ ಕಾದೆ.

ಆ ಕಾರ್ಡು ವಾರ್ಷಿಕ ತಪಾಸಣೆಯಲ್ಲಿ ಆಗಿನ ಬಿಇಒ ಕಣ್ಣಿಗೆ ಬಿತ್ತು. ಅವರು ಕನ್ನಡಕ ಹಣೆಗೇರಿಸಿ, "ದಾಖಲೇನ ಹೀಗೆ ಹೊಡ್ದು ಬರ್ದಿದೀರಲ್ಲ, ಯಾವ ನಿಯಮ ಇದು?" ಅಂದರು.

"ಮೊದ್ಲು ತಪ್ಪು ಬರ್ದೆನಲ್ಲ ಸರ್, ಅದಕ್ಕೆ ಯಾವ ನಿಯಮ ಇತ್ತೋ ಅದೇ" ಅಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಹಸಿರು ಇಂಕಿನಲ್ಲಿ ವಿವರಣೆ ಕೇಳಿ ನೋಟಿಸ್ ಕೊಟ್ಟರು. ಮೂರು ಪುಟ ಉತ್ತರ ಬರೆದೆ. ಅದರ ಮೇಲೆ ಅವರು ‘ನೋಡಿದೆ’ ಅಂತ ಒಂದೇ ಮಾತು ಬರೆದು ಕಡತ ಮುಚ್ಚಿದರು. ಮುಂದಿನ ಶಿಕ್ಷಕರ ಸಭೆಯಲ್ಲಿ, ನನ್ನ ಹೆಸರು ಹೇಳದೆ, ಆ ನಾಲ್ಕು ಉರ್ದು ಮಾತುಗಳನ್ನು ಬೋರ್ಡಿನ ಮೇಲೆ ಬರೆಸಿದರು. ಗದರುವ ಮೇಲಧಿಕಾರಿಗಳೆಲ್ಲ ಕೆಟ್ಟವರಲ್ಲ ಅಂತ ತಿಳಿದದ್ದು ಅವತ್ತೇ.

ಪಾಠ ಮಾಡುವ ವಿಧಾನ ನನ್ನ ಕಾಲದಲ್ಲಿ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಬೆತ್ತ ಹೋಯಿತು, ಕಲಿಕೆಯ ಚಿತ್ರದ ಕಾರ್ಡು ಬಂತು, ಚಟುವಟಿಕೆ ಬಂತು, ಗೋಡೆಗೆ ದೊಡ್ಡ ಪರದೆ ಬಂತು, ಹಾಜರಿಗೆ ಮೊಬೈಲ್ ಬಂತು. ಪ್ರತಿ ಸಲ ತರಬೇತಿಗೆ ಹೋಗಿ ಕೂತು ಬಂದೆ. ಪ್ರತಿಯೊಂದರಲ್ಲೂ ಏನೋ ಒಂದು ಒಳ್ಳೆಯದಿತ್ತು. ಆದರೆ ನಾನು ನಿಜವಾಗಿ ಬದಲಾದದ್ದು ಆ ಅಂಗಡಿಯಲ್ಲಿ. ಅಲ್ಲಿಂದ ಮೇಲೆ ಲೆಕ್ಕ ಕೊಟ್ಟು, "ಮೊದ್ಲು ನಿಮ್ ನಿಮ್ಮ ಮನೆ ಮಾತಲ್ಲಿ ಪಕ್ಕದೋರಿಗೆ ಹೇಳ್ರೋ, ಆಮೇಲೆ ನಂಗೆ ಕನ್ನಡದಲ್ಲಿ ಹೇಳಿ" ಅನ್ನುತ್ತಿದ್ದೆ. ತರಗತಿಯಲ್ಲಿ ಸಂತೆಯ ಹಾಗೆ ಗಲಾಟೆಯಾಗುತ್ತಿತ್ತು. ನಾನು ಹೊಸದಾಗಿ ಕಲಿತ ದಖನಿ ಉರ್ದು ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನಗುವ ಮಗು ಹೆದರುವುದಿಲ್ಲವಲ್ಲ, ನಗಲಿ ಅಂತ ಬಿಟ್ಟೆ.

ನಸ್ರೀನ್ ಎಂಟು ಮುಗಿಸಿ ಹೈಸ್ಕೂಲಿಗೆ ಹೋದಳು. ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಪೂರ್ತಿ ಅಂಕ ಬಂತು. ಮಿಠಾಯಿ ಹಿಡಿದುಕೊಂಡು ಅವಳು ನಮ್ಮ ಶಾಲೆಗೇ ಓಡಿಬಂದಳು. "ಪಿಯು ಸೈನ್ಸ್ ತಗೋತೀನಿ ಮಿಸ್" ಅಂದವಳು ಎರಡು ದಿನ ಬಿಟ್ಟು ಬಂದಾಗ ಕಣ್ಣು ಊದಿತ್ತು. ಸಾಕು ಅಂದಿದ್ದರು ಅಪ್ಪ.

ನಾನು ಅಂಗಡಿಗೆ ಹೋದೆ. ರೆಹಮಾನ್ ಸಾಬರು ನನಗೆ ಸ್ಟೂಲು ಹಾಕಿ ತಾವು ನಿಂತೇ ಮಾತಾಡಿದರು. "ನಂಗೂ ಆಸೆ ಇಲ್ವಾ ಮೇಡಂ? ಕಾಲೇಜು ಹೈವೇ ಆಚೆ. ನಮ್ ಬೀದೀಲಿ ಯಾವ ಹುಡ್ಗೀನೂ ಅಷ್ಟು ದೂರ ಹೋಗಿಲ್ಲ. ಒಬ್ಳೇ ಹೆಂಗ್ ಕಳಿಸ್ಲಿ? ಅದೂ ಬಿಡಿ, ಮನೇಲಿ ಓದಕ್ಕೆ ಜಾಗ ಎಲ್ಲೈತೆ? ಮುಂದೆ ಮಿಷನ್ನು, ಹಿಂದೆ ಅಡ್ಗೆ. ನಾವು ಏಳ್ ಜನ."

ಜಾಗ ಎಲ್ಲಿದೆ ಅಂತ ಅವರು ಕೇಳಿದ್ದು ಸುಳ್ಳು ನೆಪವಾಗಿರಲಿಲ್ಲ. ಹಿಂದೆ ಸರಿದ ಪರದೆಯಾಚೆ ನನಗೆ ಎಲ್ಲ ಕಾಣುತ್ತಿತ್ತು. ಪೇಟೆಯ ಮಕ್ಕಳಿಗೆ ಕಾಲೇಜು ತಪ್ಪುವುದು ದಡ್ಡತನದಿಂದಲ್ಲ. ಎಷ್ಟೋ ಸಲ ಪುಸ್ತಕ ಬಿಚ್ಚಿಡಲು ನಾಲ್ಕಡಿ ಜಾಗ ಇಲ್ಲದೆ ತಪ್ಪುತ್ತದೆ. ಅದು ನನಗೆ ಅವತ್ತು ಹೊಳೆಯಿತು. ನಮ್ಮ ಶಾಲೆಯ ಮೂಲೆಯಲ್ಲಿ ಒಂದು ಕೋಣೆ ಬೀಗ ಹಾಕಿಕೊಂಡು ಬಿದ್ದಿತ್ತು. ಮುರಿದ ಬೆಂಚು, ಹಳೇ ನಕ್ಷೆ, ಇಲಿ.

ಮೊದಲು ಜೊತೆ ಹುಡುಕಿದೆ. ಆ ವರ್ಷ ಪಾಸಾದ ಪೇಟೆಯ ಹುಡುಗಿಯರ ಮನೆಮನೆಗೆ ಹೋದೆ. ಮೂವರು ಸಿಕ್ಕರು. ಅದರಲ್ಲಿ ಒಬ್ಬಳು ಮಾರ್ಕೆಟ್ಟಿನ ಬಾಗಿಲಲ್ಲಿ ಹೂವು ಕಟ್ಟುವ ಜಯಮ್ಮನ ಮಗಳು ಪವಿತ್ರ. ನಾಲ್ವರೂ ಒಟ್ಟಿಗೆ ನಡೆದು ಹೋಗುವುದು, ಒಟ್ಟಿಗೆ ಬರುವುದು ಅಂತಾಯಿತು. ಆಮೇಲೆ ಮೂಲೆ ಕೋಣೆಯನ್ನು ಗುಡಿಸಿದೆವು. ಸಂಜೆ ಐದರಿಂದ ಎಂಟರವರೆಗೆ ಪೇಟೆಯ ಕಾಲೇಜು ಮಕ್ಕಳು ಯಾರು ಬೇಕಾದರೂ ಬಂದು ಓದಬಹುದು ಅಂತ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಅಪ್ಪಣೆ ಕೇಳಿ ಬರೆದ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಬೇಡ ಅಂತಲೂ ಬಂದಿರಲಿಲ್ಲವಲ್ಲ, ಅಷ್ಟು ಸಾಕು ಅಂದುಕೊಂಡೆ.

"ನಿಮ್ ಶಾಲೆ ಆದ್ರೆ ಅಂಗ್ಡಿ ಬಾಗ್ಲಲ್ಲಿ ನಿಂತ್ರೆ ಕಾಣ್ತದೆ" ಅಂತ ರೆಹಮಾನ್ ಸಾಬರು ಒಪ್ಪಿದರು. ಟ್ಯೂಬ್‌ಲೈಟು ಹಾಕಿ, ತಂತಿ ಎಳೆದುಕೊಟ್ಟವರೂ ಅವರೇ.

ಉಳಿದದ್ದು ಬೀಗದ ಕೈ. ನನ್ನ ಮನೆ ಆಗ ಊರಾಚೆ. ಎಂಟು ಗಂಟೆಗೆ ಬಂದು ಬೀಗ ಹಾಕುವವರು ಯಾರು? ತುಂಬ ಯೋಚಿಸಿ ಬೀಗದ ಕೈಯನ್ನು ಚನ್ನಬಸಪ್ಪನವರಿಗೆ ಕೊಟ್ಟೆ. ನನ್ನ ಸಹೋದ್ಯೋಗಿಗಳಿಗೆ ಗಾಬರಿ. "ಆ ಕೋಣೆ ಮೇಲೆ ಅವ್ರಿಗೆ ಎಷ್ಟು ವರ್ಷದಿಂದ ಕಣ್ಣಿದೆ ಗೊತ್ತಾ ಮೇಡಂ? ಗೋಡೌನ್ ಮಾಡ್ಕೊಳ್ಳಕ್ಕೆ ಕೇಳಿದ್ರು" ಅಂದರು. ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ಆ ಕೋಣೆ ಬೇಕು ಅನ್ನುವವರ ಕೈಗೇ ಅದನ್ನು ಕಾಯುವ ಕೆಲಸ ಕೊಟ್ಟರೆ ಏನಾಗುತ್ತದೋ ನೋಡೋಣ ಅನ್ನಿಸಿತು.

"ನಾನಾ? ನನ್ಗ್ಯಾಕಮ್ಮ?" ಅಂದರು ಚನ್ನಬಸಪ್ಪನವರು.

"ಮಂಡಿ ಮುಚ್ಚೋದು ಎಂಟಕ್ಕಲ್ವಾ ಅಣ್ಣೋರೆ? ಹೋಗ್ತಾ ಒಂದು ಬೀಗ."

ಮೊದಲ ವಾರ ಎಂಟಕ್ಕೆ ಸರಿಯಾಗಿ ಬಂದು, "ಏಳ್ರವ್ವ ಏಳಿ, ಟೈಮಾಯ್ತು" ಅಂತ ಗದರಿ ಬೀಗ ಹಾಕುತ್ತಿದ್ದರಂತೆ. ಆಮೇಲೆ ಏಳೂವರೆಗೇ ಬಂದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರಲು ಶುರುಮಾಡಿದರು. ಪರೀಕ್ಷೆ ಹತ್ತಿರವಾದಾಗ, "ಓದ್ಲಿ ಬಿಡಿ, ಇನ್ನರ್ಧ ಗಂಟೆ" ಅಂತ ತಾವೇ ಕಾಯುತ್ತಿದ್ದರು. ಒಂದು ಸಂಜೆ ನಾನು ಹೋದಾಗ ಪವಿತ್ರ ಅವರಿಗೆ ರಸಾಯನಶಾಸ್ತ್ರದ ಚಿತ್ರ ತೋರಿಸಿ ಏನೋ ಹೇಳುತ್ತಿದ್ದಳು. ಅವರು ಪುಟವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದರು. ಹಿಂದಿನ ಬೀದಿಯಲ್ಲಿ ರೆಹಮಾನ್ ಸಾಬರು ಅಂಗಡಿ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಡಿಗ್ರಿ ಓದುವ ಹುಡುಗರೂ ಬರತೊಡಗಿದ್ದರು. ನಮ್ಮ ಆರು ಏಳನೇ ತರಗತಿಯ ಮಕ್ಕಳು ಮನೆಗೆ ಹೋಗದೆ ಅವರ ಪಕ್ಕ ಕೂತು ಲೆಕ್ಕ ಹೇಳಿಸಿಕೊಳ್ಳುತ್ತಿದ್ದರು.

ಎಲ್ಲ ಚೆನ್ನಾಗಿ ನಡೆಯುತ್ತಿದೆ ಅನ್ನುವಾಗಲೇ ಆ ಸುದ್ದಿ ಬಂತು. ಪೇಟೆ ಶಾಲೆಯಲ್ಲಿ ಮಕ್ಕಳು ಕಡಿಮೆ, ಗಲಾಟೆ ಜಾಸ್ತಿ; ಇದನ್ನು ಊರಾಚೆಯ ಶಾಲೆಗೆ ಸೇರಿಸಿ ಈ ಜಾಗದಲ್ಲಿ ಮಳಿಗೆಗಳನ್ನು ಕಟ್ಟಬೇಕು ಅಂತ ಕೆಲವರು ಅರ್ಜಿ ಕೊಟ್ಟಿದ್ದರು. ಮಂಡಿ ಸಾಲಿನವರ ಸಹಿಗಳಿದ್ದವು. ಹುಡುಕಿ ನೋಡಿದೆ. ಚನ್ನಬಸಪ್ಪನವರ ಸಹಿಯೂ ಇತ್ತು.

ಆ ದಿನ ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ. ಊರಾಚೆಯ ಶಾಲೆಗೆ ಪೇಟೆಯ ಪುಟ್ಟ ಮಕ್ಕಳು ಹೋಗುವುದಿಲ್ಲ ಅಂತ ನನಗೆ ಖಚಿತವಾಗಿ ಗೊತ್ತಿತ್ತು. ಹೋಟೆಲಿನಲ್ಲೋ ಗ್ಯಾರೇಜಿನಲ್ಲೋ ನಿಲ್ಲುತ್ತಾರೆ. ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುತ್ತಾರೆ.

ಬೆಳಿಗ್ಗೆ ಮಂಡಿಗೇ ಹೋಗಿ ಕೇಳಿದೆ. ಅವರು ತಲೆ ಎತ್ತಲಿಲ್ಲ. "ಅದು ಹೋದ್ ವರ್ಷನೇ ಹಾಕಿದ್ದು ಮೇಡಂ. ನೀವು ಬೀಗದ್ ಕೈ ಕೊಡೋಕ್ ಮುಂಚೆ" ಅಂದರು. ನಾನು ಎದ್ದು ಶಾಲೆಗೆ ಹೋದೆ. ಬೀಗದ ಕೈಯನ್ನು ಮಾತ್ರ ವಾಪಸ್ ಕೇಳಲಿಲ್ಲ.

ಅರ್ಜಿಯ ಮೇಲೆ ವರದಿ ಕೊಡಬೇಕಾದವರು ಹೊಸದಾಗಿ ಬಂದಿದ್ದ ಬಿಇಒ. ಮಿತಭಾಷಿ, ತರೀಕೆರೆ ಕಡೆಯವರು. ಹೇಳದೆ ಕೇಳದೆ ಒಂದು ಸಂಜೆ ಆರು ಗಂಟೆಗೆ ಶಾಲೆಗೆ ಬಂದುಬಿಟ್ಟರು. ನಾನು ಅಂದು ಅದೃಷ್ಟಕ್ಕೆ ಅಲ್ಲೇ ಇದ್ದೆ. ಅವರು ನನಗೆ ಕೈ ಸನ್ನೆಯಲ್ಲೇ ಸುಮ್ಮನಿರಿ ಅಂದು ಮೂಲೆ ಕೋಣೆಯ ಒಳಗೆ ಹೋದರು. ಯಾರೋ ಹೊಸ ಲೆಕ್ಚರರ್ ಇರಬೇಕು ಅಂದುಕೊಂಡ ನಸ್ರೀನ್ ಎದ್ದು ನಿಂತು, "ಸರ್, ನಿಮ್ಗೆ ಫಿಸಿಕ್ಸ್ ಬರುತ್ತಾ? ಮಿಸ್‌ಗೆ ಇದು ಬರ್ಲಿಲ್ಲ" ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಘನಾಕಾರದ ಒಂದು ಚೌಕಟ್ಟು, ಹನ್ನೆರಡು ಅಂಚಿಗೂ ಒಂದೊಂದು ರೆಸಿಸ್ಟರು. ಒಂದು ಮೂಲೆಯಿಂದ ಎದುರು ಮೂಲೆಗೆ ಒಟ್ಟು ರೋಧ ಎಷ್ಟು ಅನ್ನುವ ಲೆಕ್ಕ. ಸಾಹೇಬರು ಬೆಂಚಿನ ಮೇಲೆ ಕೂತರು. "ನಾನೂ ಫಿಸಿಕ್ಸೇ ಓದಿದ್ದಮ್ಮ. ಕೊಡು" ಅಂದರು. ಒಂದು ಹಾಳೆಯಾಯಿತು, ಎರಡು ಹಾಳೆಯಾಯಿತು. ಚಿಕ್ಕ ಮಕ್ಕಳು ಸುತ್ತ ನಿಂತು ನೋಡಿದರು. ಏಳು ಗಂಟೆಗೆ ಒಂದು ಉತ್ತರ ಬಂತು. ನಸ್ರೀನ್ ಪುಸ್ತಕದ ಕೊನೇ ಪುಟ ತಿರುಗಿಸಿ ಮೆಲ್ಲಗೆ, "ಇದು ಅಲ್ಲ ಸರ್" ಅಂದಳು. ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು. ನನ್ನ ಜೊತೆ ಶಾಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೆಲಸ ಕೆಟ್ಟಿತು ಅಂದುಕೊಂಡೆ.

ಮಾರನೇ ಸಂಜೆ ಅದೇ ಹೊತ್ತಿಗೆ ಸ್ಕೂಟರಿನಲ್ಲಿ ಮತ್ತೆ ಬಂದರು. ಜೇಬಿನಿಂದ ಮಡಿಸಿದ ಹಾಳೆ ತೆಗೆದು, "ಬಾರಮ್ಮ ಇಲ್ಲಿ. ಕರೆಂಟಲ್ಲಿ ಆರನೇ ಒಂದು ಭಾಗ ಮಧ್ಯದ ತಂತೀಲಿ ಹೋಗುತ್ತೆ. ಅದನ್ನ ನಾನು ಮರ್ತಿದ್ದೆ" ಅಂತ ಮಗುವಿನ ಹಾಗೆ ಹಿಗ್ಗಿ ಹೇಳಿದರು. ಅವಳು ಅದನ್ನು ನೋಡಿ ಇನ್ನೂ ಚಿಕ್ಕ ದಾರಿ ತೋರಿಸಿದಳು. ಇಬ್ಬರೂ ನಕ್ಕರು.

ವರದಿಗೆ ಮುಂಚೆ ಸಭೆ ನಡೆಯಿತು. ಪೋಷಕರು, ಮಂಡಿಯವರು, ಅಧಿಕಾರಿಗಳು. ನಾನು ಬರೆದುಕೊಂಡು ಹೋದದ್ದನ್ನು ಓದಿದೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಆಗ ಹಿಂದಿನ ಸಾಲಿನಿಂದ ಚನ್ನಬಸಪ್ಪನವರು ಎದ್ದರು. ಪಂಚೆ ಸರಿಮಾಡಿಕೊಂಡರು.

"ನನ್ ಸೈನು ಆ ಅರ್ಜೀಲೈತೆ. ಅದನ್ನ ಹೊಡ್ದ್ ಹಾಕ್ಬೇಕು ಸ್ವಾಮಿ" ಅಂದರು. "ಒಂದು ವರ್ಷದಿಂದ ಆ ಕೋಣೆ ಬೀಗ ನಾನೇ ಹಾಕ್ತಿದೀನಿ. ದಿನಾ ಆ ಮಕ್ಳು ಏಳೋದನ್ನ ಕಾಯ್ತಾ ಕೂತಿರ್ತೀನಿ. ಅವ್ರು ಏಳಲ್ಲ. ನನ್ನ ನಾಕ್ನೇ ಕ್ಲಾಸಿಗೇ ಎಬ್ಬಿಸ್ಬಿಟ್ರು. ಇವ್ರನ್ನ ಎಬ್ಬಿಸೋದು ನನ್ ಕೈಲಾಗಲ್ಲ." ಅಷ್ಟು ಹೇಳಿ ಕೂತರು. ಮಂಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೂ ಇಬ್ಬರು ಎದ್ದು ತಮ್ಮ ಸಹಿಯೂ ಬೇಡ ಅಂದರು. ರೆಹಮಾನ್ ಸಾಬರು ಬಾಗಿಲ ಹತ್ತಿರ ನಿಂತು ತಲೆಯ ಮೇಲಿನ ಟೋಪಿ ಸರಿಮಾಡಿಕೊಳ್ಳುತ್ತ ಕಣ್ಣೊರೆಸಿಕೊಂಡರು.

ಹಗಲು ಚಿಕ್ಕ ಮಕ್ಕಳಿಗೆ ಶಾಲೆ, ಸಂಜೆ ಕಾಲೇಜು ಮಕ್ಕಳಿಗೆ ಓದುವ ಜಾಗ. ಇದನ್ನು ಇಲ್ಲಿಂದ ಎತ್ತುವುದು ಸರಿಯಲ್ಲ ಅಂತ ಬಿಇಒ ವರದಿ ಬರೆದರು. ಶಾಲೆ ಉಳಿಯಿತು. ಮುಂದಿನ ಜೂನ್‌ನಲ್ಲಿ ದಾಖಲಾತಿಗೆ ಬಂದವರಲ್ಲಿ ಮಂಡಿಯಲ್ಲಿ ಮೂಟೆ ಹೊರುವವರ ಮಕ್ಕಳ ಜೊತೆ ಮಂಡಿಯ ಗುಮಾಸ್ತರ ಮಕ್ಕಳೂ ಇದ್ದರು.

ಎಲ್ಲವೂ ಗೆದ್ದಿತು ಅಂತ ಬರೆದರೆ ಸುಳ್ಳಾಗುತ್ತದೆ. ಪವಿತ್ರ ಎರಡನೇ ಪಿಯುಸಿಯ ನಡುವೆ ಓದು ಬಿಟ್ಟಳು. ತಾಯಿಗೆ ಮೊಣಕಾಲು ನೋವು ಬಂದು ನೆಲದ ಮೇಲೆ ಕೂರಲಾಗದೆ ಹೂವಿನ ಜಾಗ ಇವಳ ಪಾಲಿಗೆ ಬಂತು. ನಾನು ಎಷ್ಟು ಸಲ ಹೋದೆನೋ. ಕೊನೆಯ ಸಲ ಅವಳೇ ನನ್ನ ಕೈಗೆ ಒಂದು ಮೊಳ ಕನಕಾಂಬರ ಕೊಟ್ಟು, "ಮಿಸ್, ನೀವು ಬಂದಾಗೆಲ್ಲ ನಂಗೆ ಅಳು ಬರುತ್ತೆ. ಹೂವು ತಗೊಳ್ಳಕ್ಕೆ ಬನ್ನಿ, ಕರ್ಕೊಂಡು ಹೋಗಕ್ಕೆ ಬರ್ಬೇಡಿ" ಅಂದಳು. ಅವತ್ತಿನಿಂದ ಹಾಗೇ ಮಾಡಿದೆ. ಸರಿ ಮಾಡಿದೆನೋ ಇಲ್ಲವೋ ಈಗಲೂ ತಿಳಿಯದು. ಹೊಸ ಟೀಚರುಗಳೇ, ನಿಮಗೂ ಒಬ್ಬಳು ಪವಿತ್ರ ಸಿಗುತ್ತಾಳೆ. ಅವಳ ಹೆಸರನ್ನು ಮರೆಯಬೇಡಿ.

ನಸ್ರೀನ್ ಊರಿನ ಕಾಲೇಜಿನಲ್ಲೇ ಬಿಎಸ್ಸಿ ಮುಗಿಸಿ, ಶಿವಮೊಗ್ಗ ಕಡೆ ಹಾಸ್ಟೆಲಿನಲ್ಲಿದ್ದು ಎಂಎಸ್ಸಿ ಮಾಡಿದಳು. ಈಗ ತರೀಕೆರೆಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಾಳೆ, ದಿನಾ ಟ್ರೈನಿನಲ್ಲಿ ಹೋಗಿ ಬರುತ್ತಾಳೆ. ಅವಳಾದ ಮೇಲೆ ಆ ಬೀದಿಯಿಂದ ಎಷ್ಟು ಹುಡುಗಿಯರು ಹೈವೇ ದಾಟಿದರೋ, ನಾನು ಲೆಕ್ಕವಿಟ್ಟುಕೊಳ್ಳುವುದನ್ನು ಬಿಟ್ಟು ಬಹಳ ದಿನವಾಯಿತು. ಚನ್ನಬಸಪ್ಪನವರು ಈಗಿಲ್ಲ. ಬೀಗದ ಕೈ ಅವರ ಸೊಸೆಯ ಹತ್ತಿರ ಇದೆ.

ನಿವೃತ್ತಿಯಾಗಿ ಎರಡು ವರ್ಷ ನಾನು ಆ ಕಡೆ ಹೋಗಿರಲಿಲ್ಲ. ಹೊಸಬರಿಗೆ ಹಳಬರು ಪದೇ ಪದೇ ಕಾಣಿಸಿಕೊಳ್ಳಬಾರದು ಅನ್ನುವುದು ನನ್ನ ಮತ. ಕಳೆದ ತಿಂಗಳು ಮಾರ್ಕೆಟ್ಟಿಗೆ ಹೋದವಳು ತಡೆಯಲಾರದೆ ಸಂಜೆ ಒಳಗೆ ಇಣುಕಿದೆ. ಕೋಣೆ ತುಂಬಿತ್ತು. ಪಕ್ಕದ ಕೋಣೆಯನ್ನೂ ತೆರೆದಿದ್ದರು. ಒಂದು ಮುಖವೂ ಪರಿಚಯದ್ದಲ್ಲ. ಖುಷಿ ತಡೆಯಲಾರದೆ ಬಾಗಿಲಲ್ಲೇ ನಿಂತು, "ಏನ್ರಮ್ಮ, ಎಲ್ಲಾ ಯಾವ ಕ್ಲಾಸು? ಯಾರ್ ಮಕ್ಳು ನೀವು?" ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ.

ಬಾಗಿಲ ಹತ್ತಿರ ಕೂತಿದ್ದ ಹುಡುಗಿ ಪುಸ್ತಕದಿಂದ ತಲೆ ಎತ್ತಿ ನನ್ನ ಚೀಲವನ್ನೂ ಸೊಪ್ಪಿನ ಕಟ್ಟನ್ನೂ ನೋಡಿದಳು. ತುಟಿಯ ಮೇಲೆ ಬೆರಳಿಟ್ಟು, ವಿನಯದಿಂದಲೇ ಹೇಳಿದಳು:

"ಅಜ್ಜಿ, ಸ್ವಲ್ಪ ಮೆಲ್ಲಗೆ. ಇಲ್ಲಿ ಓದ್ತಾ ಇದೀವಿ."

"ಆಯ್ತು ಕಣಮ್ಮ, ಓದ್ಕೊಳ್ಳಿ" ಅಂದು ಚಪ್ಪಲಿ ಸದ್ದಾಗದ ಹಾಗೆ ಹೊರಗೆ ಬಂದೆ.